ಸಿಪ್ಪೆ ತಿಂದವರು ಯಾರು?

ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಬೆಂಗಳೂರಿನ ಹಲಸೂರಿನ ಯಾವುದಾದರೂ ಅಡ್ಡರಸ್ತೆಯಲ್ಲಿ ನಿಂತು ನೋಡಿ. ಕಸದ ಗಾಡಿ ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಗೊತ್ತಾಗುತ್ತದೆ. ಒಂದೊಂದೇ ಬಾಗಿಲು ತೆರೆಯುತ್ತದೆ, ಬಕೆಟ್‌ಗಳು ಹೊರಗೆ ಬರುತ್ತವೆ, ಮೂರನೇ ಮಹಡಿಯಿಂದ ಯಾರೋ "ಅಣ್ಣಾ, ಒಂದ್ನಿಮಿಷ!" ಎಂದು ಕೂಗುತ್ತಾ ಮೆಟ್ಟಿಲಿಳಿದು ಓಡಿ ಬರುತ್ತಾರೆ. ಐದು ನಿಮಿಷದಲ್ಲಿ ಗಾಡಿ ಮುಂದಿನ ತಿರುವು ದಾಟಿರುತ್ತದೆ. ಬಕೆಟ್ಟಿಗೆ ಒಂದಿಷ್ಟು ನೀರು ಹಾಕಿ ಕುಲುಕಿ ಚೆಲ್ಲಿದರೆ ಮನೆಯವರ ಪಾಲಿಗೆ ಕಸದ ಕಥೆ ಮುಗಿಯಿತು.

ನೀವು ನಿನ್ನೆ ರಾತ್ರಿ ತಿಂದ ಬಾಳೆಹಣ್ಣಿನ ಸಿಪ್ಪೆಯ ಕಥೆ ಮಾತ್ರ ಆಗಷ್ಟೇ ಶುರುವಾಗಿರುತ್ತದೆ. ಹಣ್ಣು ತಿಂದವರು ನೀವು, ಸರಿ. ಸಿಪ್ಪೆ ತಿನ್ನುವವರು ಯಾರು?

"ಹಸು!" ಅಂತ ಥಟ್ಟನೆ ಹೇಳುತ್ತೀರಿ. ತಪ್ಪಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಕೋಸಿನ ಎಲೆ, ಹೂಕೋಸಿನ ದಂಟು ಮೇಯುತ್ತಾ ನಿಂತ ಹಸು, ಮೇಕೆಗಳನ್ನು ನೀವೂ ಕಂಡಿರಬಹುದು. ನಿಮ್ಮ ಅಜ್ಜಿಯ ಊರಿನಲ್ಲಿ ಕಲಗಚ್ಚಿನ ಬಾನಿ ಇತ್ತೇ ಎಂದು ಕೇಳಿ ನೋಡಿ. ಅಕ್ಕಿ ತೊಳೆದ ನೀರು, ತರಕಾರಿ ಹೆಚ್ಚಿದ ಚೂರು, ಉಳಿದ ಅನ್ನ ಎಲ್ಲವೂ ಆ ಬಾನಿಗೆ ಬೀಳುತ್ತಿದ್ದವು; ಸಂಜೆ ಎಮ್ಮೆ ಅದನ್ನು ಸೊರಸೊರ ಕುಡಿದು ಬಾನಿಯ ತಳ ನೆಕ್ಕುತ್ತಿತ್ತು. ಎಮ್ಮೆ ಒಲ್ಲೆ ಎಂದದ್ದು ತಿಪ್ಪೆಗೆ ಹೋಗುತ್ತಿತ್ತು. ತಿಪ್ಪೆಯಲ್ಲಿದ್ದದ್ದು ಬೇಸಿಗೆಯ ಕೊನೆಗೆ ಗಾಡಿ ಏರಿ ಹೊಲ ಸೇರುತ್ತಿತ್ತು. ಹಳ್ಳಿಯಲ್ಲಿ ಹಸಿ ಕಸ ಅನ್ನುವ ಒಂದು ಸಮಸ್ಯೆಯೇ ಇರಲಿಲ್ಲ.

ಆದರೆ ಎಮ್ಮೆಯ ವಿಷಯದಲ್ಲಿ ಒಂದು ಗುಟ್ಟಿದೆ. ಸೊಪ್ಪು, ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ಎಮ್ಮೆಗೂ ಇಲ್ಲ, ಹಸುವಿಗೂ ಇಲ್ಲ! ಅವುಗಳ ಹೊಟ್ಟೆಯ ಮೊದಲ ದೊಡ್ಡ ಚೀಲದಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಬಿಡಾರ ಹೂಡಿವೆ. ನಾರನ್ನು ಒಡೆಯುವುದು ಆ ಜೀವಿಗಳು. ಅಲ್ಲಿಗೆ ನಮ್ಮ ಪ್ರಶ್ನೆಯ ಉತ್ತರ ಹಸುವಿನ ಹೊಟ್ಟೆಯೊಳಗೆ ಹೊಕ್ಕಂತಾಯಿತು. ಸಿಪ್ಪೆ ಎಲ್ಲಿಗೇ ಹೋಗಲಿ, ಹಸುವಿನ ಬಾಯಿಗೆ, ಮಣ್ಣಿನ ಮಡಕೆಗೆ, ಊರಾಚೆಯ ಗುಂಡಿಗೆ, ಕೊನೆಗೆ ಅದನ್ನು ಉಣ್ಣುವವರು ಕಣ್ಣಿಗೆ ಕಾಣದ ಈ ಪುಟಾಣಿಗಳೇ. ಚೆನ್ನಾಗಿ ಮಾಗಿದ ಒಂದು ಚಮಚ ಗೊಬ್ಬರದಲ್ಲಿ 100 ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾಗಳಿರಬಲ್ಲವು. ಇಡೀ ದೇಶದ ಜನಸಂಖ್ಯೆಗೆ ಹತ್ತಿರ ಬರುವ ಲೆಕ್ಕ, ಒಂದೇ ಚಮಚದಲ್ಲಿ.

ಇವುಗಳಿಗೆ ಬಾಯಿಲ್ಲ, ಹಲ್ಲಿಲ್ಲ, ಹೊಟ್ಟೆಯೂ ಇಲ್ಲ. ಮತ್ತೆ ತಿನ್ನುವುದು ಹೇಗೆ? ನಾವು ಆಹಾರವನ್ನು ನುಂಗಿ ಆಮೇಲೆ ಅರಗಿಸುತ್ತೇವೆ. ಬ್ಯಾಕ್ಟೀರಿಯಾ ಮತ್ತು ಬೂಷ್ಟು ಮೊದಲು ಅರಗಿಸಿ ಆಮೇಲೆ ಒಳಗೆ ತೆಗೆದುಕೊಳ್ಳುತ್ತವೆ. ಸಿಪ್ಪೆಯ ಮೇಲೆ ಕೂತು ಕಿಣ್ವ ಎಂಬ ರಸವನ್ನು ಹೊರಗೆ ಸುರಿಸುತ್ತವೆ. ಗಟ್ಟಿ ಸಿಪ್ಪೆ ಅಲ್ಲೇ ಕರಗಿ ಸಿಹಿ ನೀರಿನಂತಾಗುತ್ತದೆ. ಆ ನೀರನ್ನು ಮೈಯಿಂದಲೇ ಹೀರಿಕೊಳ್ಳುತ್ತವೆ. ಮೂರು ದಿನ ಇಟ್ಟ ಟೊಮೇಟೊ ಮೆತ್ತಗಾಗಿ ನೀರೊಡೆಯುತ್ತದಲ್ಲ, ಅಲ್ಲಿ ನಡೆಯುತ್ತಿರುವುದು ಊಟ. "ಕೊಳೆಯಿತು" ಎಂದು ಮೂಗು ಮುಚ್ಚಿಕೊಳ್ಳುವವರು ನಾವು. ಉಣ್ಣುವವರಿಗೆ ಅದು ಹಬ್ಬ.

ಹಬ್ಬಕ್ಕೆ ನೀರು ಬೇಕು. ನಮ್ಮ ಅಡುಗೆಮನೆಯ ಕಸದಲ್ಲಿ ಅದು ಬೇಕಾದಷ್ಟಿದೆ. ಕೊತ್ತಂಬರಿ ಬೇರು, ಬದನೆ ತೊಟ್ಟು, ಹಿಂಡಿದ ಹುಣಸೆ, ಕಾಫಿ ಚರಟ, ಸೀಬೆಹಣ್ಣಿನ ಅರ್ಧ, ತಟ್ಟೆಯಲ್ಲಿ ಉಳಿದ ಅನ್ನ ಸಾರು: ಒಟ್ಟಾರೆ ತೂಗಿದರೆ ಮುಕ್ಕಾಲು ಪಾಲು ಬರೀ ನೀರು. ಆಯುಧಪೂಜೆಯ ಮಾರನೇ ದಿನ ಬೆಂಗಳೂರಿನ ರಸ್ತೆಗಳಲ್ಲಿ ಒಡೆದು ಬಿದ್ದ ಬೂದುಗುಂಬಳಕಾಯಿಗಳನ್ನು ನೆನಪಿಸಿಕೊಳ್ಳಿ. ಬೂದುಗುಂಬಳದ ತೂಕದಲ್ಲಿ ನೂರಕ್ಕೆ 96 ಭಾಗ ನೀರು. ಆ ವಾರ ಗಾಡಿಯವರು ಬಾಳೆಕಂದು, ಕುಂಬಳಕಾಯಿ ಎತ್ತಿ ಎತ್ತಿ ಸುಸ್ತಾಗುತ್ತಾರೆ. ನಾವು ಪೂಜೆ ಮಾಡಿ ರಸ್ತೆಗೆ ಹಾಕಿದ್ದನ್ನು ಬೆನ್ನು ಬಗ್ಗಿಸಿ ತೆಗೆಯುವುದು ಪೌರಕಾರ್ಮಿಕರು. ಒಡೆದ ಕಾಯಿಯ ಮೇಲೆ ಬೈಕು ಜಾರಿ ಬೀಳುವ ಪಾಪದವರದು ಇನ್ನೊಂದು ಕಥೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಉಣ್ಣುವವರಲ್ಲಿ ಎರಡು ಪಂಗಡ. ಒಂದಕ್ಕೆ ನಮ್ಮ ಹಾಗೆ ಉಸಿರಾಡಲು ಗಾಳಿ ಬೇಕು. ಇನ್ನೊಂದಕ್ಕೆ ಗಾಳಿ ಬೇಡ. ಅದರಲ್ಲಿ ಕೆಲವು ಜೀವಿಗಳಂತೂ ಆಮ್ಲಜನಕ ಸೋಕಿದರೆ ಸತ್ತೇಹೋಗುತ್ತವೆ.

ಗಾಳಿ ಬೇಕಾದ ಪಂಗಡ ಸಿಪ್ಪೆಯನ್ನು ತಿಂದರೆ ಉಳಿಯುವುದು ನೀರಿನ ಆವಿ, ಇಂಗಾಲದ ಡೈಆಕ್ಸೈಡ್, ಬಿಸಿ, ಮತ್ತು ಕಪ್ಪಗೆ ಪುಡಿಪುಡಿಯಾದ ಗೊಬ್ಬರ. ಗಬ್ಬು ವಾಸನೆ ಇಲ್ಲ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಆ ಘಮಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್ ಎಂಬ ಗುಂಪಿನ ಬ್ಯಾಕ್ಟೀರಿಯಾ; ಅವು ಮಣ್ಣಿನಲ್ಲೂ ಇವೆ, ಮಾಗಿದ ಗೊಬ್ಬರದಲ್ಲೂ ಇವೆ. ಮನುಷ್ಯರ ಮೂಗಿಗೆ ಈ ವಾಸನೆ ಎಷ್ಟು ಇಷ್ಟವೋ ಅಷ್ಟೇ ಚುರುಕಾಗಿ ಗೊತ್ತೂ ಆಗುತ್ತದೆ.

ಗಾಳಿ ಬೇಡದ ಪಂಗಡದ ಊಟವೇ ಬೇರೆ. ಅವು ನಿಧಾನ. ಅರ್ಧಂಬರ್ಧ ತಿಂದು ಹುಳಿ ಹುಳಿ ಆಮ್ಲಗಳನ್ನು ಬಿಡುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ, ಕೊನೆಗೆ ಮೀಥೇನ್ ಎಂಬ ಅನಿಲ ಬಿಡುತ್ತವೆ. ಮೀಥೇನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಬೆಂಕಿ ತಾಗಿದರೆ ಉರಿಯುತ್ತದೆ. ಹಸುವಿನ ಹೊಟ್ಟೆಯೊಳಗೆ ಇರುವವರೂ ಇದೇ ಪಂಗಡದವರು. ಅದಕ್ಕೇ ಹಸು ತೇಗಿದರೆ ಮೀಥೇನ್ ಹೊರಗೆ ಬರುತ್ತದೆ.

ಯಾವ ಪಂಗಡ ಊಟಕ್ಕೆ ಕೂರಬೇಕು ಎಂದು ಆರಿಸುವವರು ಯಾರು ಗೊತ್ತೇ? ಕಸ ಹಾಕುವ ನಾವು. ಅನ್ನ, ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಗಟ್ಟಿಯಾಗಿ ಗಂಟು ಹಾಕಿದಿರಿ ಎನ್ನಿ. ಒಳಗಿದ್ದ ಗಾಳಿಯನ್ನು ಮೊದಲ ಪಂಗಡ ಕೆಲವೇ ಗಂಟೆಗಳಲ್ಲಿ ಖಾಲಿ ಮಾಡುತ್ತದೆ. ಆಮೇಲೆ ಎರಡನೆಯವರದೇ ದರ್ಬಾರು. ಮರುದಿನ ಗಾಡಿಯವರು ಆ ಗಂಟು ಬಿಚ್ಚಿದರೆ ಗಪ್ಪೆಂದು ಮುಖಕ್ಕೆ ಹೊಡೆಯುವುದು ಆ ಎರಡನೇ ಪಂಗಡ ಬಿಟ್ಟ ಗಾಳಿ. "ವಾಸನೆ ಬರಬಾರದು ಅಂತ ಕಟ್ಟಿಟ್ಟೆ" ಎನ್ನುತ್ತಾರೆ ದೊಡ್ಡವರು. ವಾಸನೆ ಹುಟ್ಟಿದ್ದೇ ಕಟ್ಟಿದ್ದರಿಂದ!

ಬೆಂಗಳೂರಿಗೂ ಈ ಎರಡು ಪಂಗಡಗಳಿಗೂ ಹಳೆಯ ನಂಟು. ಗೊಬ್ಬರದ ಬಗ್ಗೆ ಪ್ರಪಂಚದ ಯಾವುದೇ ಒಳ್ಳೆಯ ಪಠ್ಯಪುಸ್ತಕ ತೆರೆಯಿರಿ, ಅದರಲ್ಲಿ ನಮ್ಮ ಊರಿನ ಹೆಸರು ಸಿಗುವ ಸಾಧ್ಯತೆ ಇದೆ: ಬೆಂಗಳೂರು ವಿಧಾನ. 1939ರ ಹೊತ್ತಿಗೆ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಿರಿಯರು ಇಂದಿಗೂ ಕರೆಯುವ ಜಾಗದಲ್ಲಿ, ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಊರಿನ ಕಸವನ್ನು ಗೊಬ್ಬರ ಮಾಡುವ ಒಂದು ಉಪಾಯ ರೂಪಿಸಿದರು. ಅದಕ್ಕೆ ಮುಂಚೆ ಆಲ್ಬರ್ಟ್ ಹೊವಾರ್ಡ್ ಎಂಬುವರು ಇಂದೋರಿನಲ್ಲಿ ಇನ್ನೊಂದು ವಿಧಾನ ಬೆಳೆಸಿದ್ದರು. ಇಂದೋರಿನ ವಿಧಾನದಲ್ಲಿ ರಾಶಿಯನ್ನು ಆಗಾಗ ತಿರುವಿ ಗಾಳಿಯಾಡಿಸಬೇಕು, ನೀರು ಚಿಮುಕಿಸಬೇಕು. ಹೊಲದಲ್ಲಿ ಅದು ಸರಿ. ಪಟ್ಟಣದ ಕಸವನ್ನು ದಿನಾ ತಿರುವುತ್ತಾ ಕೂತರೆ ನೊಣ, ವಾಸನೆ, ಕೂಲಿ ಖರ್ಚು.

ಆಚಾರ್ಯರ ಉಪಾಯ ಸರಳವಾಗಿತ್ತು. ಸುಮಾರು ಒಂದು ಮೀಟರ್ ಆಳದ ಕಾಲುವೆಯಂಥ ಗುಂಡಿ ತೋಡಿ. ಒಂದು ಪದರ ಊರಿನ ಕಸ, ಅದರ ಮೇಲೆ ತೆಳುವಾಗಿ ಒಂದು ಪದರ ಮಲ, ಮತ್ತೆ ಕಸ, ಮತ್ತೆ ಮಲ. (ನಗಬೇಡಿ. ಆಗ ಒಳಚರಂಡಿ ಇಲ್ಲದ ಊರುಗಳೇ ಹೆಚ್ಚು. ಅದೂ ಎಲ್ಲಿಗಾದರೂ ಹೋಗಬೇಕಿತ್ತಲ್ಲ?) ಕೊನೆಗೆ ಮೇಲೆ ಮಣ್ಣು ಮುಚ್ಚಿ ಸುಮ್ಮನೆ ಬಿಡಿ. ತಿರುವುವುದು ಬೇಡ, ನೀರು ಹಾಕುವುದು ಬೇಡ. ಶುರುವಿನಲ್ಲಿ ಗಾಳಿಯ ಪಂಗಡ ಕೆಲಸ ಮಾಡಿ ಗುಂಡಿಯನ್ನು ಬಿಸಿಯೇರಿಸುತ್ತದೆ, ಗಾಳಿ ಮುಗಿದ ಮೇಲೆ ಇನ್ನೊಂದು ಪಂಗಡ ಆರೆಂಟು ತಿಂಗಳು ನಿಧಾನವಾಗಿ ಉಣ್ಣುತ್ತದೆ. ಮೇಲೆ ಮಣ್ಣಿನ ಹೊದಿಕೆ ಇರುವುದರಿಂದ ನೊಣಕ್ಕೆ ದಾರಿಯಿಲ್ಲ. ಬೇರೆ ಬೇರೆ ಊರುಗಳೂ ಈ ವಿಧಾನವನ್ನು ಹಿಡಿದವು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆ ಮಲವನ್ನು ಮನೆಮನೆಯಿಂದ ಹೊತ್ತು ತಂದವರು ಮನುಷ್ಯರು. ಜಾತಿಯ ಹೆಸರಿನಲ್ಲಿ ಆ ಕೆಲಸವನ್ನು ಕೆಲವರ ತಲೆಗೆ ಕಟ್ಟಲಾಗಿತ್ತು. ಪುಸ್ತಕದಲ್ಲಿ ಪದರಗಳ ಅಳತೆ ಇರುತ್ತದೆ, ಅವರ ಹೆಸರು ಇರುವುದಿಲ್ಲ. ಇಂದು ಕಾನೂನು ಆ ಕೆಲಸವನ್ನು ನಿಷೇಧಿಸಿದೆ.

ಆಚಾರ್ಯರ ಕಾಲದ ಕಸಕ್ಕೆ ಇನ್ನೊಂದು ಅನುಕೂಲವಿತ್ತು. ಅದರಲ್ಲಿ ಬೂದಿ, ಎಲೆ, ಸಿಪ್ಪೆ, ಸಗಣಿ, ಚಿಂದಿ, ಒಡೆದ ಮಡಕೆಯ ಚೂರು ಇರುತ್ತಿದ್ದವು. ಪ್ಲಾಸ್ಟಿಕ್ ಇರಲಿಲ್ಲ. ಪ್ಲಾಸ್ಟಿಕ್ಕನ್ನು ಉಣ್ಣಲು ಈ ಎರಡು ಪಂಗಡದವರಿಗೂ ಬರುವುದಿಲ್ಲ. ಗೊಬ್ಬರದ ಗುಂಡಿಯಲ್ಲಿ ಹಾಲಿನ ಕವರ್ ಹಾಕಿ ವರ್ಷ ಕಾದರೂ ಅದು ಹಾಲಿನ ಕವರೇ.

ಇದನ್ನು ಮರೆತರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ಹಲಸೂರಿನಿಂದ ಹೊರಟ ಹಳೇ ಮದ್ರಾಸ್ ರಸ್ತೆ ಇಂದಿರಾನಗರದ ಅಂಚು ಹಿಡಿದು, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರ ಹಾದು ಪೂರ್ವಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ಹೋಗಿ ಪಕ್ಕಕ್ಕೆ ತಿರುಗಿದರೆ ಮಂಡೂರು ಎಂಬ ಹಳ್ಳಿ. ವರ್ಷಗಟ್ಟಲೆ ಬೆಂಗಳೂರಿನ ಕಸ ಲಾರಿಗಳಲ್ಲಿ ಅಲ್ಲಿಗೆ ಹೋಗಿ ಬಿತ್ತು. 2012ರಲ್ಲಿ ಯಲಹಂಕದ ಕಡೆಯ ಮಾವಳ್ಳಿಪುರದ ಕಸದ ಗುಡ್ಡವನ್ನು ಮುಚ್ಚಿದ ಮೇಲೆ ಮಂಡೂರಿನ ಮೇಲೆ ಹೊರೆ ಇನ್ನೂ ಹೆಚ್ಚಿತು. ಅನ್ನ, ಡಯಾಪರ್, ಬ್ಯಾಟರಿ, ಬಾಟಲಿ, ಸಿಪ್ಪೆ, ಪ್ಲಾಸ್ಟಿಕ್, ಎಲ್ಲ ಒಂದೇ ರಾಶಿ.

ಅಂಥ ಗುಡ್ಡದ ಒಳಗೆ ಗಾಳಿ ಹೋಗುವುದಿಲ್ಲ. ಹಾಗಾಗಿ ಅಲ್ಲಿ ಊಟಕ್ಕೆ ಕೂತವರು ಯಾರೆಂದು ನೀವೇ ಹೇಳಬಲ್ಲಿರಿ. ಸಿಪ್ಪೆಯೊಳಗಿದ್ದ ನೀರು, ಮೇಲಿಂದ ಸುರಿದ ಮಳೆ ಎರಡೂ ಸೇರಿ ಕಪ್ಪು ಕಷಾಯವಾಗಿ ಕೆಳಗಿಳಿಯುತ್ತದೆ. ದಾರಿಯಲ್ಲಿ ಸಿಕ್ಕ ಬ್ಯಾಟರಿಯ ಲೋಹ, ಬಣ್ಣದ ವಿಷ ಎಲ್ಲವನ್ನೂ ತನ್ನೊಳಗೆ ಕರಗಿಸಿಕೊಂಡು ನೆಲಕ್ಕೆ ಇಂಗಿ ಬಾವಿಯ ಕಡೆ ಹೊರಡುತ್ತದೆ. ಮೇಲ್ಗಡೆ ಮೀಥೇನ್ ಸೋರುತ್ತದೆ. ಎಲ್ಲಾದರೂ ಕಿಡಿ ಬಿದ್ದರೆ ಗುಡ್ಡ ದಿನಗಟ್ಟಲೆ ಹೊಗೆಯಾಡುತ್ತದೆ. ಮಂಡೂರಿನ ಜನ ರಸ್ತೆಗಿಳಿದು ಲಾರಿ ತಡೆದರು. ಒಂದು ಸಲ ಅಲ್ಲ, ಮತ್ತೆ ಮತ್ತೆ. 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. ನಗರದ ಕಸ ಎಲ್ಲಿಗೆ ಹೋಗುತ್ತದೆ ಎಂದು ನಗರದವರಿಗೆ ಕಲಿಸಿದ್ದು ಆ ಹಳ್ಳಿಯವರು, ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಇದೇ ಗದ್ದಲದ ನಡುವೆ 2012ರಲ್ಲಿ ಬೆಂಗಳೂರಿನಲ್ಲಿ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. 2015ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಮನೆಮನೆಗೂ ಒಂದೇ ಕ್ರಮ ಹಾಕಿಕೊಟ್ಟಿತು: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡಯಾಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಕೇಳಲು ಸುಲಭ. ಆದರೂ ಇಂದಿಗೂ ಕೆಲವು ಮನೆಗಳ ಹಸಿರು ಬುಟ್ಟಿಯ ತಳದಲ್ಲಿ ಶಾಂಪೂ ಪೊಟ್ಟಣ ಅಡಗಿ ಕೂತಿರುತ್ತದೆ.

ಒಂದು ಪೊಟ್ಟಣಕ್ಕೆ ಅಷ್ಟೊಂದು ಗಲಾಟೆ ಯಾಕೆ ಎನ್ನಬಹುದು. ಹಸಿ ಕಸ ಹೋಗುವುದು ಗೊಬ್ಬರದ ಘಟಕಕ್ಕೆ ಅಥವಾ ಗ್ಯಾಸ್ ಮಾಡುವ ಘಟಕಕ್ಕೆ. ಎಚ್.ಎಸ್.ಆರ್. ಬಡಾವಣೆಯ ಬಳಿ 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವಿದೆ. ಇಂಥ ಕಡೆ ಕಸವನ್ನು ಉದ್ದುದ್ದ ಏರಿಗಳಂತೆ ಸುರಿದು ಯಂತ್ರದಿಂದ ತಿರುವುತ್ತಾರೆ, ಕೊನೆಗೆ ದೊಡ್ಡ ಜರಡಿಯಲ್ಲಿ ಹಿಡಿಯುತ್ತಾರೆ. ಪ್ಲಾಸ್ಟಿಕ್ ಚೂರು, ಗಾಜಿನ ಚೂರು ಜರಡಿಯಲ್ಲಿ ನುಸುಳಿದರೆ ಅವು ಗೊಬ್ಬರದ ಜೊತೆ ಹೊಲ ಸೇರುತ್ತವೆ. ಬರಿಗಾಲಲ್ಲಿ ಹೊಲಕ್ಕಿಳಿದ ರೈತರ ಕಾಲಿಗೆ ಆ ಗಾಜು ಸಿಗುತ್ತದೆ. ಆಮೇಲೆ ಅವರು "ನಿಮ್ಮ ಊರಿನ ಗೊಬ್ಬರ ನಮಗೆ ಬೇಡ" ಎಂದರೆ ತಪ್ಪೇನು?

ಅಂಥ ಘಟಕದಲ್ಲಿ ಚಳಿಗಾಲದ ಬೆಳಿಗ್ಗೆ ಗೊಬ್ಬರದ ಏರಿಯನ್ನು ತಿರುವಿದರೆ ಬೆಳ್ಳಗೆ ಹೊಗೆಯಂಥದ್ದು ಏಳುತ್ತದೆ. ಬೆಂಕಿಯ ಹೊಗೆ ಅಲ್ಲ, ನೀರಿನ ಆವಿ. ರಾಶಿಯ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ. ಕೈ ಇಟ್ಟರೆ ಸುಡುತ್ತದೆ! ಯಾರೂ ಒಲೆ ಹಚ್ಚಿಲ್ಲ. ಊಟ ಮಾಡುವ ಪ್ರತಿಯೊಂದು ಜೀವಿಯ ಮೈಯಿಂದಲೂ ಒಂದಿಷ್ಟು ಬಿಸಿ ಹೊರಬರುತ್ತದೆ. ನಮ್ಮ ಮೈ ಬೆಚ್ಚಗಿರುವುದೂ ಅದರಿಂದಲೇ. ಚಳಿಗಾಲದ ರಾತ್ರಿ ಅಜ್ಜಿಮನೆಯಲ್ಲಿ ಏಳೆಂಟು ಮಕ್ಕಳು ಒಂದೇ ಕಂಬಳಿಯಡಿ ಮಲಗಿದರೆ ಸ್ವಲ್ಪ ಹೊತ್ತಿಗೆ ಸೆಕೆಯಾಗುತ್ತದಲ್ಲ, ರಾಶಿಯೊಳಗೆ ಕೋಟಿ ಕೋಟಿ ಜನ ಹಾಗೆ ಒತ್ತಾಗಿದ್ದಾರೆ. ಬಿಸಿ ಏರಿದಂತೆ ಸಾಮಾನ್ಯ ಬ್ಯಾಕ್ಟೀರಿಯಾಗಳು ಹಿಂದೆ ಸರಿದು, ಬಿಸಿಯನ್ನೇ ಇಷ್ಟಪಡುವ ಬೇರೆ ಬ್ಯಾಕ್ಟೀರಿಯಾಗಳು ಪಂಕ್ತಿಗೆ ಬರುತ್ತವೆ. ರೋಗ ತರುವ ಬಹುಪಾಲು ಜೀವಿಗಳೂ ಕಳೆಯ ಬೀಜಗಳೂ ಆ ಬಿಸಿಗೆ ಸಾಯುತ್ತವೆ.

ಮನೆಯ ಪುಟ್ಟ ಮಡಕೆಯಲ್ಲಿ ಇಷ್ಟು ಬಿಸಿ ಬರುವುದಿಲ್ಲ. ಆದರೆ ಗೊಬ್ಬರ ಬರುತ್ತದೆ. ಇಂದಿರಾನಗರಕ್ಕೂ ಈ ಮಡಕೆಗಳಿಗೂ ಸಂಬಂಧವಿದೆ. 2006ರಲ್ಲಿ ಪೂನಂ ಬೀರ್ ಕಸ್ತೂರಿ ಎಂಬ ವಿನ್ಯಾಸಕಿ ಡೈಲಿ ಡಂಪ್ ಎಂಬ ಸಂಸ್ಥೆ ಶುರು ಮಾಡಿದರು. ಇಂದಿರಾನಗರದಲ್ಲಿ ಅದರ ಅಂಗಡಿಯನ್ನು ಬಹಳ ಜನ ನೋಡಿದ್ದಾರೆ. ಅವರು ರೂಪಿಸಿದ ಮೂರಂತಸ್ತಿನ ಮಣ್ಣಿನ ಮಡಕೆಯ ಹೆಸರು ಕಂಬ. ಮೇಲಿನ ಮಡಕೆಗೆ ದಿನಾ ಕಸ ಹಾಕುತ್ತಾ ಹೋಗುವುದು. ತುಂಬಿದ ಮೇಲೆ ಅದನ್ನು ಕೆಳಗಿಳಿಸಿ ಖಾಲಿ ಮಡಕೆಯನ್ನು ಮೇಲೇರಿಸುವುದು. ತಳದ ಮಡಕೆಯಲ್ಲಿ ಗೊಬ್ಬರ ಮಾಗುವುದು. ಪಕ್ಕದಲ್ಲಿ ತೂತುಗಳಿವೆ. ಸುಟ್ಟ ಮಣ್ಣಿನ ಗೋಡೆಯಂತೂ ತಾನೇ ಉಸಿರಾಡುತ್ತದೆ, ಹೆಚ್ಚಾದ ನೀರನ್ನು ಹೀರಿ ಹೊರಬಿಡುತ್ತದೆ. ನಮ್ಮ ಕುಂಬಾರರಿಗೆ ಸಾವಿರಾರು ವರ್ಷದಿಂದ ಗೊತ್ತಿರುವ ಗುಣ ಅದು. ನೀರಿನ ಹೂಜಿ ತಣ್ಣಗಿರುವುದೂ ಅದೇ ಕಾರಣಕ್ಕೆ.

ಮಡಕೆಗೆ ಬರೀ ಸಿಪ್ಪೆ ಹಾಕಿದರೆ ಕೆಡುತ್ತದೆ. ಇಲ್ಲೊಂದು ಲೆಕ್ಕ ಬರುತ್ತದೆ. ಬ್ಯಾಕ್ಟೀರಿಯಾಗೆ ಊಟದಲ್ಲಿ ಎರಡು ವಸ್ತು ಮುಖ್ಯ: ಶಕ್ತಿಗೆ ಇಂಗಾಲ, ಮೈ ಕಟ್ಟಲು ಸಾರಜನಕ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಅವಕ್ಕೆ ಹಿತ. ಅಡುಗೆಮನೆಯ ಕಸದಲ್ಲಿ ಒಂದಕ್ಕೆ ಹದಿನೈದೋ ಇಪ್ಪತ್ತೋ ಪಾಲು ಮಾತ್ರ. ಮಿಕ್ಕ ಸಾರಜನಕ ಅಮೋನಿಯಾ ಆಗಿ ಹಾರಿ ಮೂಗಿಗೆ ಚುರ್ರೆನ್ನುತ್ತದೆ. ಒಣಗಿದ ಎಲೆಯಲ್ಲಿ ಇಂಗಾಲ ಹೇರಳ. ಆದ್ದರಿಂದ ಒಂದು ಹಿಡಿ ಸಿಪ್ಪೆಗೆ ಒಂದೆರಡು ಹಿಡಿ ಒಣ ಎಲೆ. ಎಲೆ ನಡುನಡುವೆ ಸಂದು ಬಿಡುವುದರಿಂದ ಗಾಳಿಗೂ ದಾರಿ ಸಿಗುತ್ತದೆ, ಹೆಚ್ಚಿನ ನೀರನ್ನೂ ಅದು ಹೀರುತ್ತದೆ. ದಂಡು ಪ್ರದೇಶದ ಮಳೆಮರಗಳು, ಇಂದಿರಾನಗರದ ಹೊಂಗೆ ಮರಗಳು ಫೆಬ್ರುವರಿ, ಮಾರ್ಚಿನ ಹೊತ್ತಿಗೆ ಬೇಕಾದಷ್ಟು ಎಲೆ ಉದುರಿಸುತ್ತವೆ. ಗುಡಿಸಿ ಬೆಂಕಿ ಹಚ್ಚುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊಗೆಯ ಮಾತು ಹಾಗಿರಲಿ, ವರ್ಷಕ್ಕಾಗುವಷ್ಟು ಇಂಗಾಲ ಅಲ್ಲಿ ಉರಿದುಹೋಗುತ್ತಿದೆ!

ಮಡಕೆಗೆ ಹಾಕಿದ್ದೆಲ್ಲವೂ ಒಂದೇ ವೇಗದಲ್ಲಿ ಮಾಯವಾಗುವುದಿಲ್ಲ. ಪಪ್ಪಾಯಿ ಸಿಪ್ಪೆ ಒಂದು ವಾರದಲ್ಲಿ ಗುರುತು ಸಿಗದಂತಾಗುತ್ತದೆ. ಕಿತ್ತಳೆ ಸಿಪ್ಪೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹಿಡಿಸದ ಎಣ್ಣೆಯಿದೆ, ಅದು ಸ್ವಲ್ಪ ಕಾಯಿಸುತ್ತದೆ. ಮೊಟ್ಟೆಯ ಚಿಪ್ಪು ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಅದು ಹೆಚ್ಚುಕಡಿಮೆ ಸುಣ್ಣದ ಕಲ್ಲೇ. ಶಿವಾಜಿನಗರದ ಬಿರಿಯಾನಿಯ ಮೂಳೆಯೂ ಹಾಗೇ. ಮಾಂಸದ ವಾಸನೆಗೆ ಇಲಿ ಬರುವುದರಿಂದ ಮನೆಯ ಮಡಕೆಗಿಂತ ಗಾಡಿಯ ಹಸಿರು ಬುಟ್ಟಿಯೇ ಅದಕ್ಕೆ ಲೇಸು. ಎಲ್ಲಕ್ಕಿಂತ ಹಟಮಾರಿ ಎಂದರೆ ಎಳನೀರಿನ ಬುರುಡೆ. ಅದರ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ವಸ್ತು ಇದೆ. ಅದನ್ನು ಒಡೆಯುವ ಕಲೆ ಚೆನ್ನಾಗಿ ತಿಳಿದಿರುವುದು ಮರ ತಿನ್ನುವ ಕೆಲವು ಶಿಲೀಂಧ್ರಗಳಿಗೆ ಮಾತ್ರ, ಅವಕ್ಕೂ ಅವಸರವಿಲ್ಲ.

ಇನ್ನು ಹುಳುಗಳ ವಿಷಯ. ಮಡಕೆಯ ಮುಚ್ಚಳ ತೆಗೆದು "ಅಯ್ಯೋ ಹುಳ!" ಎಂದು ಕಿರುಚಿ ಗೊಬ್ಬರ ಮಾಡುವುದನ್ನೇ ಬಿಟ್ಟ ದೊಡ್ಡವರು ನನಗೆ ಬಹಳ ಜನ ಗೊತ್ತು. ಮಕ್ಕಳಾದ ನೀವು ಹಾಗೆ ಮಾಡಬೇಡಿ, ಬಗ್ಗಿ ನೋಡಿ. ಬೆಳ್ಳಗೆ, ಚಪ್ಪಟೆಯಾಗಿ, ಮೈತುಂಬ ಗೆರೆ ಗೆರೆಯಾಗಿ, ಬೆರಳುಗುರಿನಷ್ಟು ಉದ್ದ ಇದ್ದರೆ ಅದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ ಆಗಿರಬಹುದು. ಒಂದು ತಾಯಿನೊಣ 500ರಷ್ಟು ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಗಳು ಎರಡು ಮೂರು ವಾರ ಒಂದೇ ಸಮನೆ ತಿನ್ನುತ್ತವೆ. ಆಮೇಲೆ ಕಪ್ಪಾಗಿ, ಊಟ ಬಿಟ್ಟು, ಒಣ ಜಾಗ ಹುಡುಕಿಕೊಂಡು ತಾವೇ ತೆವಳಿ ಹೊರಗೆ ಹೋಗುತ್ತವೆ. ನೊಣವಾದ ಮೇಲೆ ಅದರ ಆಯಸ್ಸು ಹೆಚ್ಚೆಂದರೆ ಒಂದೆರಡು ವಾರ. ಮರಿಯಾಗಿದ್ದಾಗ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಅದರ ಬಹುಪಾಲು ಬದುಕು ಸಾಗುತ್ತದೆ. ಹಾಗಾಗಿ ನಮ್ಮ ಮನೆನೊಣದಂತೆ ಇದು ತಟ್ಟೆಯ ಮೇಲೆ ಕೂತು ಊಟ ಕದಿಯುವುದಿಲ್ಲ, ಕಚ್ಚುವುದೂ ಇಲ್ಲ. ಈ ಮರಿಗಳನ್ನೇ ಸಾಕಿ ಕೋಳಿ, ಮೀನುಗಳಿಗೆ ತಿನ್ನಿಸುವ ಉದ್ಯಮ ಹಲವು ದೇಶಗಳಲ್ಲಿದೆ. ನೋಡಿ, ಸಿಪ್ಪೆ ತಿಂದವರ ಪಟ್ಟಿಗೆ ಕೊನೆಗೂ ಕಣ್ಣಿಗೆ ಕಾಣುವ ಒಬ್ಬರು ಸೇರಿದರು.

ಹಾಗಾದರೆ ಗಾಳಿ ಬೇಡದ ಪಂಗಡ ಕೆಟ್ಟದ್ದೇ? ಇಲ್ಲ, ಅವಕ್ಕೂ ಒಂದು ಮನೆ ಕಟ್ಟಿಕೊಟ್ಟರೆ ನಮ್ಮ ಕೆಲಸ ಮಾಡಿಕೊಡುತ್ತವೆ. 1776ರಲ್ಲಿ ಇಟಲಿಯ ಅಲೆಸಾಂಡ್ರೊ ವೋಲ್ಟಾ, ಆಮೇಲೆ ಬ್ಯಾಟರಿ ಕಂಡುಹಿಡಿದವರೂ ಅವರೇ, ಮಜ್ಜೋರೆ ಸರೋವರದ ಜವುಗಿನಲ್ಲಿ ಕೋಲಾಡಿಸಿದಾಗ ಮೇಲೆದ್ದ ಗುಳ್ಳೆಗಳನ್ನು ಹಿಡಿದು, ಆ ಅನಿಲ ಉರಿಯುತ್ತದೆ ಎಂದು ತೋರಿಸಿದರು. ಅದೇ ಮೀಥೇನ್. ಗಾಳಿಯಾಡದ ತೊಟ್ಟಿಯಲ್ಲಿ ಸಗಣಿಯನ್ನೋ ಹಸಿ ಕಸವನ್ನೋ ಕಲಸಿಟ್ಟರೆ ಅದೇ ಅನಿಲ ಕೊಳವೆಯಲ್ಲಿ ಒಲೆಗೆ ಬರುತ್ತದೆ. ನಮ್ಮ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ 1987ರಲ್ಲಿ ಸಗಣಿ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ ಹಚ್ಚಿದರು. ಆ ಕೆಲಸದ ಹಿಂದೆ ಇದ್ದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಾತಿಗಳು. ತೊಟ್ಟಿಯಲ್ಲಿ ಹಿಡಿದಿಟ್ಟ ಮೀಥೇನ್ ಉರುವಲು. ಕಸದ ಗುಡ್ಡದಿಂದ ಸೋರಿ ಆಕಾಶಕ್ಕೆ ಹೋದ ಅದೇ ಮೀಥೇನ್, ನೂರು ವರ್ಷದ ಲೆಕ್ಕದಲ್ಲಿ, ತನ್ನ ತೂಕದಷ್ಟೇ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ದಕ್ಷಿಣ ಕೊರಿಯಾದವರು 2005ರಿಂದ ಆಹಾರದ ಕಸವನ್ನು ನೆಲದಲ್ಲಿ ಹೂಳುವುದನ್ನೇ ನಿಷೇಧಿಸಿದ್ದಾರೆ. 2013ರಿಂದ ಕಸ ಎಷ್ಟೋ ಅಷ್ಟು ಹಣ ಕಟ್ಟಬೇಕು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕಸದ ಡಬ್ಬಿಯೇ ಕಾರ್ಡು ಗುರುತಿಸಿ, ಮುಚ್ಚಳ ತೆರೆದು, ನೀವು ಸುರಿದ ಕಸವನ್ನು ತೂಗಿ, ಲೆಕ್ಕ ಬರೆದುಕೊಳ್ಳುತ್ತದೆ. ಹಸಿ ಕಸದ ಮುಕ್ಕಾಲು ತೂಕ ನೀರು ಎಂದೆವಲ್ಲ? ಹೀಗಾಗಿ ಅಲ್ಲಿನವರು ಕಸವನ್ನು ಹಿಂಡಿ, ನೀರು ಬಸಿದು ಹಾಕುತ್ತಾರೆ. ಜಾಣರು!

ನಿಮಗೂ ಒಂದು ಕೆಲಸ ಕೊಡುತ್ತೇನೆ. ಒಂದು ಲೀಟರಿನ ಖಾಲಿ ಬಾಟಲಿ ಎರಡು ತನ್ನಿ. ಒಂದರ ಮೈಗೆ ದೊಡ್ಡವರ ಕೈಯಲ್ಲಿ ಹತ್ತಿಪ್ಪತ್ತು ತೂತು ಮಾಡಿಸಿ, ಸಣ್ಣಗೆ ಹೆಚ್ಚಿದ ಬಾಳೆಸಿಪ್ಪೆ ಒಂದು ಹಿಡಿ, ಒಣ ಎಲೆಯ ಪುಡಿ ಎರಡು ಹಿಡಿ, ಸ್ವಲ್ಪ ಗಿಡದ ಬುಡದ ಮಣ್ಣು ಹಾಕಿ. ಇನ್ನೊಂದಕ್ಕೆ ಬರೀ ಸಿಪ್ಪೆ, ಅರ್ಧ ಲೋಟ ನೀರು. ಇದರ ಬಾಯಿಗೆ ಬಿರಡೆ ತಿರುಗಿಸಬೇಡಿ, ಒಳಗೆ ಅನಿಲ ತುಂಬಿ ಬಾಟಲಿ ಸಿಡಿಯಬಹುದು. ಬಿರಡೆಯ ಬದಲು ಒಂದು ಬಲೂನು ಸಿಕ್ಕಿಸಿ. ದಿನಾ ಎರಡನ್ನೂ ನೋಡಿ ಬರೆದಿಡಿ: ಬಣ್ಣ, ಎತ್ತರ, ಬೂಷ್ಟು, ಹನಿ. ಕೆಲವು ದಿನಗಳಲ್ಲಿ ಬಲೂನು ತಲೆಯೆತ್ತುತ್ತದೆ. ಅದರೊಳಗೆ ಈಗಲೇ ಮೀಥೇನ್ ಸಿಗುವುದಿಲ್ಲ, ಹೆಚ್ಚಿನದು ಇಂಗಾಲದ ಡೈಆಕ್ಸೈಡ್. ಮೀಥೇನ್ ಮಾಡುವವರು ಬಹಳ ನಿಧಾನ. ಆದರೂ ಬೆಂಕಿಯ ಹತ್ತಿರ ಒಯ್ಯಬೇಡಿ. ಎರಡು ವಾರದ ಮೇಲೆ ಎರಡರ ವಾಸನೆಯನ್ನೂ ಹೋಲಿಸಬಹುದು. ಬಲೂನಿನ ಬಾಟಲಿಯನ್ನು ಮಾತ್ರ ಬಾಲ್ಕನಿಯಲ್ಲೋ ತಾರಸಿಯಲ್ಲೋ ತೆರೆಯಿರಿ, ಮೂಗನ್ನು ನೇರ ಬಾಯಿಗಿಡದೆ ದೂರದಿಂದಲೇ ಕೈ ಬೀಸಿ ನೋಡಿ, ಮತ್ತು ಒಣಗಲು ಹಾಕಿದ ಬಟ್ಟೆಗಳನ್ನು ಮೊದಲೇ ಒಳಗೆ ತೆಗೆದಿಡಲು ಅಮ್ಮನಿಗೋ ಅಪ್ಪನಿಗೋ ಹೇಳಿ.